ಮ್ಯಾಶಪ್ ಹಿಡಿದು ಮೂಲ ಹಾಡಿನ ಕಡೆಗೆ

ಪ್ರಶ್ನೆ: ಕಾಪುವಿನಿಂದ ಮಂಗಳೂರಿಗೆ ದಿನಾ ಬಸ್ಸಲ್ಲಿ ಹೋಗಿ ಬರುತ್ತೇನೆ. ದಾರಿಯುದ್ದಕ್ಕೂ ಹಾಡು ಬೇಕು, ಆದ್ರೆ ಆ್ಯಪ್ ತಿರುಗಿ ತಿರುಗಿ ಅದೇ ಹಾಡು ಕೊಡುತ್ತದೆ. ಮೊನ್ನೆ ಹುಲಿವೇಷದ ತಾಸೆ ವಾದ್ಯದ ಬಡಿತಕ್ಕೆ ಯಾವುದೋ ಇಂಗ್ಲಿಷ್ ಹಾಡು ಸೇರಿಸಿದ ಮ್ಯಾಶಪ್ (ಎರಡನ್ನು ಬೆರೆಸಿ ಒಂದು ಮಾಡಿದ ಹಾಡು) ಸಿಕ್ಕಿತು, ತುಂಬಾ ಹಿಡಿಸಿತು. ಇಂಥದ್ದು ಇನ್ನೂ ಹುಡುಕುವುದು ಹೇಗೆ?
– ಓದುಗರೊಬ್ಬರು, ಕಾಪು

ಉತ್ತರ: ಇನ್ನೊಂದು ಮ್ಯಾಶಪ್ ಹುಡುಕುವ ಮೊದಲು ಸಿಕ್ಕಿದ್ದನ್ನೇ ಬಿಡಿಸಿ ನೋಡಿ. ತಾಸೆ ನಿಮಗೆ ಚಿಕ್ಕಂದಿನಿಂದ ಗೊತ್ತು, ಗೊತ್ತಿಲ್ಲದ್ದು ಆ ಇಂಗ್ಲಿಷ್ ಹಾಡು, ಅಲ್ವಾ? ಅದರ ಹೆಸರು ವಿಡಿಯೋ ಕೆಳಗೆ ಬರೆದಿರಬಹುದು. ಇಲ್ಲದಿದ್ದರೆ ಕಿವಿಗೆ ಬಿದ್ದ ಒಂದು ಸಾಲನ್ನು ಟೈಪ್ ಮಾಡಿ ಹುಡುಕಿ. ಸಿಕ್ಕ ಮೇಲೆ ಹಾಡು ಪೂರ್ತಿ ಕೇಳಿ, ಆಮೇಲೆ ಅದಿರುವ ಆಲ್ಬಮ್ಮನ್ನೂ ಕೇಳಿ.

ಎರಡು ಹಾಡು ಯಾಕೆ ಕೂಡಿದವು ಅಂತ ಗಮನಿಸಿದರೆ ಇನ್ನೂ ದೂರ ಹೋಗಬಹುದು. ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವುದು ಹೊಂದಬೇಕು, ಶ್ರುತಿಯೂ ಹೊಂದಬೇಕು. 70 ಪೆಟ್ಟಿನ ಹಾಡು ಅದರ ಎರಡು ಪಟ್ಟಾದ 140ರ ಜೊತೆಗೂ ಸಲೀಸಾಗಿ ಕೂರುತ್ತದೆ. ಸ್ವರದಲ್ಲೂ ಹಾಗೆಯೇ. ನಮ್ಮ ಮೋಹನ ರಾಗದ ಐದು ಸ್ವರಗಳೇ ಹಿಂದೂಸ್ತಾನಿಯ ಭೂಪ್‌ನಲ್ಲಿವೆ, ಚೀನಾದ ಎಷ್ಟೋ ಜನಪದ ಧಾಟಿಗಳಲ್ಲೂ ಇವೆ. ಒಂದು ಇಷ್ಟವಾದವರಿಗೆ ಇನ್ನೊಂದು ಅಷ್ಟೇನೂ ಪರಕೀಯ ಅನಿಸುವುದಿಲ್ಲ.

ನಮ್ಮೂರಿನದೇ ಒಂದು ಬಾಗಿಲು ಹೇಳುತ್ತೇನೆ. ಬಂಟ್ವಾಳ ತಾಲೂಕಿನ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದನ್ನೇ ಹಿಡಿದು ಕರ್ನಾಟಕ ಸಂಗೀತ ನುಡಿಸಿದರು. 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ನುಡಿಸಿದ 'ಕಿನ್ಸ್‌ಮೆನ್' ಆಲ್ಬಮ್ ಬಂತು. ಇದು ಮ್ಯಾಶಪ್ ಅಲ್ಲ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ನುಡಿಸಿದ್ದು. ನನಗಂತೂ ಅದು ಎಷ್ಟೋ ಮ್ಯಾಶಪ್‌ಗಳಿಗಿಂತ ಜಾಸ್ತಿ ಇಷ್ಟ. ಅದರಲ್ಲಿ ವಯೊಲಿನ್ ಎ. ಕನ್ಯಾಕುಮಾರಿಯವರದು, ಗಿಟಾರ್ ರೆಜ್ ಅಬ್ಬಾಸಿ ಅವರದು. ಈ ಹೆಸರುಗಳನ್ನು ಒಂದೊಂದಾಗಿ ಹುಡುಕುತ್ತಾ ಹೋಗಿ, ಆ್ಯಪ್ ತಾನಾಗಿ ಎಂದೂ ತೋರಿಸದ ಸಂಗೀತ ಸಿಗುತ್ತದೆ.

ಪ್ರಶ್ನೆ: ಮಗ ಹಳೇ ಹಾಡುಗಳಿಗೆ ಕಂಪ್ಯೂಟರಿನಲ್ಲಿ ಬೇರೆ ಬೀಟ್ ಸೇರಿಸುತ್ತಾನೆ. ಒಳ್ಳೆ ಹಾಡನ್ನು ಹೀಗೆ ಕೆಡಿಸಬಹುದಾ?
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಕೆಡಿಸುವುದು ಅಂತ ನಾನು ಹೇಳಲಾರೆ ಅಮ್ಮ. ಕರ್ನಾಟಕ ಸಂಗೀತದ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರೇ ಇಂಗ್ಲಿಷರ ಬ್ಯಾಂಡಿನ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಕೂರಿಸಿದ್ದಾರೆ. ಅವೇ ನೊಟ್ಟುಸ್ವರಗಳು. 'ಸಂತತಂ ಪಾಹಿಮಾಂ' ಕೇಳಿ ನೋಡಿ, ಅದರ ಧಾಟಿ ಬ್ರಿಟಿಷರ ರಾಷ್ಟ್ರಗೀತೆಯದು.

ಆದರೆ ಮನೆಯಲ್ಲಿ ಮಾಡುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. 2004ರಲ್ಲಿ ಡೇಂಜರ್ ಮೌಸ್ ಎಂಬ ಸಂಗೀತಗಾರ ಜೇ-ಝಡ್ ಅವರ ರ‍್ಯಾಪ್‌ಗೆ ಬೀಟಲ್ಸ್ ತಂಡದ ಸಂಗೀತದ ತುಣುಕುಗಳನ್ನು ಸೇರಿಸಿ 'ದಿ ಗ್ರೇ ಆಲ್ಬಮ್' ಮಾಡಿದರು. ಜನ ಮೆಚ್ಚಿದರು, ಆದರೂ ಹಂಚಬೇಡಿ ಅಂತ ಬೀಟಲ್ಸ್ ಧ್ವನಿಮುದ್ರಣಗಳ ಹಕ್ಕಿದ್ದ ಇಎಂಐ ಕಂಪನಿಯ ನೋಟಿಸ್ ಬಂತು. ಮಗನಿಗೆ ಇದನ್ನು ಹೇಳಿ. ಕಲಿಯಲು ಎಷ್ಟು ಬೇಕಾದರೂ ಮಾಡಲಿ, ಯೂಟ್ಯೂಬಿಗೆ ಹಾಕುವ ಮೊದಲು ಹಕ್ಕು ಇರುವವರ ಅನುಮತಿ ಕೇಳಲಿ, ಮೂಲ ಹಾಡಿನ ಮತ್ತು ಹಾಡಿದವರ ಹೆಸರನ್ನು ತಪ್ಪದೆ ಬರೆಯಲಿ. ಒಮ್ಮೆ ಅವನ ಪಕ್ಕ ಕೂತು, ಅವನು ಮಾಡಿದ್ದನ್ನು ನೀವೂ ಕೇಳಿ.