ಆ ನೀರು ಎಲ್ಲಿಗೆ ಹೋಗುತ್ತದೆ?

ಹೋದ ಸಲ ಶೇಲ್ ಗ್ಯಾಸ್ ಬಗ್ಗೆ, ಅಂದರೆ ಆಳದ ಶೇಲ್ ಬಂಡೆಯನ್ನು ಸೀಳಿ ತೆಗೆಯುವ ಅನಿಲದ ಬಗ್ಗೆ, ಬರೆದ ಮೇಲೆ ಬಹಳ ಪತ್ರಗಳು ಬಂದಿವೆ. ನಾನು ಹತ್ತು ವರ್ಷ ಅಮೆರಿಕದ ಒಕ್ಲಹೋಮಾದಲ್ಲಿದ್ದೆ. ಸ್ಟಿಲ್‌ವಾಟರ್ ಎಂಬ ಊರಿನ ಲ್ಯಾಬ್‌ನಲ್ಲಿ ತೈಲಬಾವಿಗಳ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಮೂರು ಪತ್ರಗಳಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಅಡುಗೆಮನೆಗೆ ಪೈಪ್ ಗ್ಯಾಸ್ ಬಂದಿದೆ. ಇದು ಅಮೆರಿಕದಲ್ಲಿ ಬಂಡೆ ಸೀಳಿ ತೆಗೆದ ಗ್ಯಾಸ್ ಅಂತ ಮಗಳು ಹೇಳುತ್ತಾಳೆ. ನಿಜವಾ ಮೇಡಂ?
– ಬೆಂಗಳೂರಿನ ಓದುಗರು

ಮಗಳ ಮಾತಿನಲ್ಲಿ ಹುರುಳಿದೆ. ಗೇಲ್ ಸಂಸ್ಥೆ ಅಮೆರಿಕದ ಸಬೀನ್ ಪಾಸ್ ಬಂದರಿನಿಂದ ವರ್ಷಕ್ಕೆ 35 ಲಕ್ಷ ಟನ್ ನೈಸರ್ಗಿಕ ಅನಿಲವನ್ನು ದ್ರವರೂಪದಲ್ಲಿ ಕೊಳ್ಳಲು 20 ವರ್ಷದ ಒಪ್ಪಂದ ಮಾಡಿಕೊಂಡಿದೆ. ಅದರ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದಾಭೋಳಕ್ಕೆ ಬಂತು. ಅಲ್ಲಿಂದ ಬೆಳಗಾವಿ, ಧಾರವಾಡ, ಗದಗದ ಕಡೆಯಿಂದ ಬೆಂಗಳೂರಿಗೆ ಸುಮಾರು 1,000 ಕಿಲೋಮೀಟರ್ ಪೈಪು ಇದೆ. ಬೇರೆ ಕಡೆಯ ಅನಿಲವೂ ಅದರಲ್ಲಿ ಬೆರೆಯುತ್ತದೆ. ಹಾಗಾಗಿ ಇವತ್ತು ನಿಮ್ಮ ಒಲೆಯಲ್ಲಿ ಉರಿದದ್ದು ಯಾವ ನೆಲದ್ದು ಅಂತ ಹೇಳಲಾಗುವುದಿಲ್ಲ. ಉರಿಸುವಾಗ ಇದು ಕಲ್ಲಿದ್ದಲಿಗಿಂತ ಎಷ್ಟೋ ಶುದ್ಧ. ಆದರೆ ಬಾವಿಯಿಂದ ಒಲೆಯವರೆಗಿನ ದಾರಿಯಲ್ಲಿ ಸೋರಿದರೆ ಕಷ್ಟ. ಈ ಅನಿಲದಲ್ಲಿ ಹೆಚ್ಚಾಗಿ ಇರುವುದು ಮೀಥೇನ್. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ.

ನನ್ನ ಬೋರು 600 ಅಡಿ. ಎರಡು ಇಂಚು ನೀರು ಇದ್ದದ್ದು ಈಗ ಅರ್ಧ ಇಂಚೂ ಇಲ್ಲ. ಹೈಡ್ರೋ ಫ್ರ್ಯಾಕ್ಚರಿಂಗ್ ಮಾಡಿಸಿ ಅಂತ ಬೋರಿನವರು ಹೇಳುತ್ತಿದ್ದಾರೆ. ಅಮೆರಿಕದಲ್ಲಿ ಇದರಿಂದಲೇ ನೀರು ವಿಷವಾಯಿತು ಅಂತ ಕೇಳಿದ್ದೆ. ಭಯ ಆಗಿದೆ.
– ಚಳ್ಳಕೆರೆಯ ರೈತರು

ಅಣ್ಣ, ಹೆಸರು ಒಂದೇ, ಕೆಲಸ ಬೇರೆ. ನಿಮ್ಮ ಬೋರಿನಲ್ಲಿ ಮಾಡುವುದು ಇಷ್ಟು: ಗಟ್ಟಿ ಬಂಡೆಯ ಭಾಗದಲ್ಲಿ ಪ್ಯಾಕರ್ ಎಂಬ ರಬ್ಬರಿನ ಬಿರಡೆ ಕೂರಿಸಿ, ಕೆಳಗೆ ಒತ್ತಡದಲ್ಲಿ ಬರೀ ನೀರು ನುಗ್ಗಿಸುತ್ತಾರೆ. ಕಲ್ಲಿನಲ್ಲಿ ಮೊದಲೇ ಇರುವ ಗ್ಯಾಪುಗಳಲ್ಲಿ ಕಟ್ಟಿಕೊಂಡ ಮಣ್ಣು ತೊಳೆದು ಹೋಗುತ್ತದೆ, ಸೆಲೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ರಾಸಾಯನಿಕ ಬೇಕಿಲ್ಲ.

ಅಮೆರಿಕದಲ್ಲಿ ಸೀಳುವುದು ಶೇಲ್ ಎಂಬ ಕಲ್ಲನ್ನು. ಲ್ಯಾಬ್‌ನಲ್ಲಿ ನನ್ನ ಮೇಜಿನ ಮೇಲೆ ಅದರ ಒಂದು ತುಂಡು ಇತ್ತು. ಕಪ್ಪಗೆ, ಚಿರೋಟಿಯ ಹಾಗೆ ಪದರ ಪದರ. ಉಗುರಿನಲ್ಲಿ ಕೆರೆದು ಮೂಸಿದರೆ ಸಣ್ಣಗೆ ಸೀಮೆಎಣ್ಣೆ ವಾಸನೆ. ತೈಲ, ಅನಿಲ ಅದರೊಳಗೇ ಇದ್ದರೂ ತಾನಾಗಿ ಹರಿದು ಬರುವುದಿಲ್ಲ. ಅದಕ್ಕೇ ಎರಡು ಮೂರು ಕಿಲೋಮೀಟರ್ ಕೆಳಗೆ ಇಳಿದು, ಅಲ್ಲಿಂದ ಅಡ್ಡಕ್ಕೆ ಮತ್ತೆ ಎರಡು ಮೂರು ಕಿಲೋಮೀಟರ್ ಕೊರೆದು, ನೀರು, ಮರಳು, ರಾಸಾಯನಿಕ ನುಗ್ಗಿಸಿ ಸೀಳುತ್ತಾರೆ. ಬಿರುಕು ಮತ್ತೆ ಮುಚ್ಚದ ಹಾಗೆ ಮರಳು ತಡೆದು ನಿಲ್ಲುತ್ತದೆ. ಆ ನೀರು ಗಟ್ಟಿಯಾಗಲಿ ಅಂತ ಗೋರಿಕಾಯಿ ಬೀಜದ ಅಂಟು ಹಾಕುವುದೂ ಉಂಟು. ರಾಜಸ್ಥಾನದ ರೈತರು ಬೆಳೆದದ್ದು. 2012ರಲ್ಲಿ ಅದರ ಬೆಲೆ ಆಕಾಶಕ್ಕೇರಿ ಆಮೇಲೆ ನೆಲ ಕಚ್ಚಿತು.

ಟೆಕ್ಸಾಸ್‌ನ ಈಗಿನ ಉದ್ದದ ಬಾವಿಯೊಂದಕ್ಕೆ 5 ಕೋಟಿ ಲೀಟರ್ ನೀರು ಸುಲಭವಾಗಿ ಹಿಡಿಯುತ್ತದೆ. ರಾಸಾಯನಿಕ ಶೇಕಡ ಒಂದು ಮಾತ್ರ ಅನ್ನುತ್ತಾರೆ. 5 ಕೋಟಿಗೆ ಶೇಕಡ ಒಂದು ಅಂದರೆ 5 ಲಕ್ಷ ಲೀಟರ್! ಅಷ್ಟಾದರೂ ಕುಡಿಯುವ ನೀರು ಕೆಟ್ಟ ಕಡೆಗಳಲ್ಲಿ ಕಾರಣ ಹೆಚ್ಚಾಗಿ ಆಳದ ಬಿರುಕಲ್ಲ. ಕೇಸಿಂಗ್ ಸುತ್ತಲಿನ ಸಿಮೆಂಟ್ ಸರಿಯಿಲ್ಲದ್ದು, ಮೇಲೆ ಚೆಲ್ಲಿದ್ದು, ಗುಂಡಿಯಲ್ಲಿ ತುಂಬಿಟ್ಟದ್ದು ಸೋರಿದ್ದು.

ನಿಮ್ಮ ಕಡೆ ಶೇಲ್ ಗ್ಯಾಸ್‌ನವರು ಬರುತ್ತಾರೇನೋ ಎಂಬ ಹೆದರಿಕೆಯೂ ಬೇಡ. ನಿಮ್ಮ ಕಾಲಡಿ ಇರುವುದು ಇನ್ನೂರು ಮುನ್ನೂರು ಕೋಟಿ ವರ್ಷದ ಬಂಡೆ. ಅದರಲ್ಲಿ ತೈಲವೂ ಇಲ್ಲ, ಅನಿಲವೂ ಇಲ್ಲ.

ಬೋರಿನ ವಿಷಯಕ್ಕೆ ಬರೋಣ. ಮಾಡಿಸುವ ಮೊದಲು 200 ಲೀಟರ್ ಡ್ರಮ್ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಬರೆದಿಡಿ. ಆದ ಮೇಲೆ, ತಿಂಗಳು ಬಿಟ್ಟು, ಮತ್ತೆ ನೋಡಿ. ಪ್ಯಾಕರ್ ತೀರಾ ಮೇಲೆ ಕೂರಿಸಲು ಬಿಡಬೇಡಿ, ಹತ್ತಿರದ ಶೌಚದ ಗುಂಡಿಯ ನೀರು ಒಳಗೆ ಇಳಿಯಬಹುದು. ಹೊಸ ಸೆಲೆ ಬಿಚ್ಚಿಕೊಂಡರೆ ನೀರಿನ ಗುಣವೂ ಬದಲಾಗಬಹುದು. ನಿಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಕಾಟ ಇದೆ, ಕುಡಿಯುವ ಮುಂಚೆ ಪರೀಕ್ಷೆ ಮಾಡಿಸಿ. ಅಂತರ್ಜಲವೇ ಇಳಿದು ಹೋಗಿದ್ದರೆ ಮಾತ್ರ ಈ ಖರ್ಚು ಸುಮ್ನೆ ದಂಡ. ಅಕ್ಕಪಕ್ಕದ ಬೋರುಗಳಲ್ಲಿ ನೀರು ಎಷ್ಟು ಅಡಿಗಿದೆ ಅಂತ ಮೊದಲು ವಿಚಾರಿಸಿ.

ಮಗನಿಗೆ ಟೆಕ್ಸಾಸ್‌ನ ಮಿಡ್‌ಲ್ಯಾಂಡ್‌ನಲ್ಲಿ ತೈಲ ಕಂಪನಿಯ ಕೆಲಸ ಸಿಕ್ಕಿದೆ. ಅಲ್ಲೇ ಮನೆ ಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಅಲ್ಲಿ ಆಗಾಗ ನೆಲ ನಡುಗುತ್ತದಂತೆ. ಬೇಡ ಅಂತ ಹೇಳಲಾ?
– ಶಿವಮೊಗ್ಗದ ತಾಯಿ

ಅಮ್ಮ, ನಿಮ್ಮ ಪತ್ರ ಓದಿ ನನಗೆ ನಮ್ಮ ಸ್ಟಿಲ್‌ವಾಟರ್ ಮನೆ ಕಣ್ಣ ಮುಂದೆ ಬಂತು.

2016ರ ಸೆಪ್ಟೆಂಬರ್ 3, ಶನಿವಾರ. ಬೆಳಗ್ಗೆ ಏಳು ಗಂಟೆ ಆಗಿತ್ತಷ್ಟೆ. ಕಾಫಿಗೆ ಡಿಕಾಕ್ಷನ್ ಇಳಿಯಲು ಇಟ್ಟಿದ್ದೆ. ಮೊದಲು ಒಂದು ಗುಡುಗು, ಕಾಲಡಿಯಿಂದ. ಆಮೇಲೆ ಕಪಾಟಿನಲ್ಲಿದ್ದ ಸ್ಟೀಲ್ ಲೋಟಗಳೆಲ್ಲ ಒಟ್ಟಿಗೆ ಕಿಣಿಕಿಣಿ ಅನ್ನಲು ಶುರು. ಫಿಲ್ಟರ್ ಉರುಳಿತು. ಅಂಗಳಕ್ಕೆ ಓಡಿ ಬಂದರೆ ಪಕ್ಕದ ಮನೆಯವರೂ ರಾತ್ರಿ ಉಡುಪಿನಲ್ಲೇ ನಿಂತಿದ್ದರು. ಪಾನೀ ಎಂಬ ಊರಿನ ಹತ್ತಿರ 5.8 ತೀವ್ರತೆಯ ಭೂಕಂಪ. ನಮ್ಮೂರಿನಿಂದ ಮುಕ್ಕಾಲು ಗಂಟೆಯ ದಾರಿ ಅಷ್ಟೆ. ಒಕ್ಲಹೋಮಾದಲ್ಲಿ ದಾಖಲಾದದ್ದರಲ್ಲಿ ಅದೇ ದೊಡ್ಡದು.

ಆ ರಾಜ್ಯದಲ್ಲಿ 2008ರವರೆಗೆ 3ಕ್ಕಿಂತ ಜೋರಾದ ಕಂಪನ ವರ್ಷಕ್ಕೆ ಒಂದೋ ಎರಡೋ. 2015ರಲ್ಲಿ ಸುಮಾರು 900! ಬಂಡೆ ಸೀಳುವುದೇ ಕಾರಣ ಅಂತ ಎಲ್ಲರೂ ಅಂದುಕೊಂಡರು. ಹೆಚ್ಚಿನವಕ್ಕೆ ಕಾರಣ ಅದಲ್ಲ. ತೈಲದ ಜೊತೆ ನೆಲದಿಂದ ಮೇಲೆ ಬರುವ ನೀರು. ಒಂದು ಪೀಪಾಯಿ ತೈಲಕ್ಕೆ ಹತ್ತು ಪೀಪಾಯಿ ನೀರು ಬರುವ ಬಾವಿಗಳು ಅಲ್ಲಿದ್ದವು. ಆ ನೀರು ನನ್ನ ಕೈಗೆ ಬಾಟಲಿಗಳಲ್ಲಿ ಬರುತ್ತಿತ್ತು. ಮೇಲೆ ಎಣ್ಣೆಯ ಕಾಮನಬಿಲ್ಲಿನ ಪೊರೆ, ಕೊಳೆತ ಮೊಟ್ಟೆಯ ವಾಸನೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಇದರಲ್ಲಿ ಕೆಲವು ಸಲ 200 ಗ್ರಾಂ ದಾಟುತ್ತಿತ್ತು. ಒಂದು ಹನಿ ಮೇಜಿನ ಮೇಲೆ ಬಿದ್ದು ಒಣಗಿದರೆ ಬೆಳ್ಳಗೆ ಹಕ್ಕಳೆ ಕಟ್ಟುತ್ತಿತ್ತು. ಹೊಲಕ್ಕೆ ಬಿಡುವ ಹಾಗಿಲ್ಲ, ಹೊಳೆಗೂ ಬಿಡುವ ಹಾಗಿಲ್ಲ. ಅದಕ್ಕೆ ಬೇರೆ ಬಾವಿ ಕೊರೆದು ಆರ್ಬಕಲ್ ಎಂಬ ಆಳದ ಕಲ್ಲಿನ ಪದರಕ್ಕೆ ತುಂಬಿದರು. ಅದರ ಕೆಳಗೇ ಹಳೆಯ ಗ್ರಾನೈಟ್, ಅದರಲ್ಲಿ ಹಳೆಯ ಬಿರುಕುಗಳು. ನೀರಿನ ಒತ್ತಡ ಅಲ್ಲಿಗೆ ಮುಟ್ಟಿದಾಗ ಒತ್ತಿಕೊಂಡಿದ್ದ ಬಂಡೆಗಳು ಜಾರಿದವು.

ಪಾನೀ ಕಂಪನವಾದ ದಿನವೇ ರಾಜ್ಯ ಸರ್ಕಾರ 37 ನೀರು ತುಂಬುವ ಬಾವಿಗಳನ್ನು ಮುಚ್ಚಿಸಲು ಆದೇಶಿಸಿತು. ಉಳಿದ ಕಡೆಯೂ ತುಂಬುವ ಪ್ರಮಾಣ ಇಳಿಸಿದರು. ಮುಂದಿನ ವರ್ಷಗಳಲ್ಲಿ ಕಂಪನ ಕಡಿಮೆಯಾಗುತ್ತಾ ಬಂತು. ಇಷ್ಟು ಸುಲಭದ ಕೆಲಸ ಇನ್ನೂ ಮೊದಲೇ ಮಾಡಬಹುದಿತ್ತಲ್ಲ ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. 2011ರಲ್ಲೇ ಪ್ರೇಗ್ ಊರಿನ ಹತ್ತಿರ 5.7ರ ಕಂಪನ ಆಗಿತ್ತು.

ಮಿಡ್‌ಲ್ಯಾಂಡ್‌ನಲ್ಲಿ ಈಗ ಅದೇ ಪಾಠ ನಡೆಯುತ್ತಿದೆ. 2022ರ ನವೆಂಬರ್ 16ರಂದು ಪಶ್ಚಿಮ ಟೆಕ್ಸಾಸ್‌ನಲ್ಲಿ 5.4ರ ಕಂಪನ ಆಯಿತು. ಒಂದು ತಿಂಗಳಿಗೆ ಮಿಡ್‌ಲ್ಯಾಂಡ್ ಸಮೀಪವೇ 5 ದಾಟಿದ ಇನ್ನೊಂದು. ಅಲ್ಲಿ ತೈಲಬಾವಿಗಳ ಉಸ್ತುವಾರಿ ಇರುವುದು ರೈಲ್‌ರೋಡ್ ಕಮಿಷನ್ ಕೈಯಲ್ಲಿ. ಹೆಸರು ಹಳೆಯದು, ರೈಲಿಗೂ ಅದಕ್ಕೂ ಈಗ ಸಂಬಂಧವಿಲ್ಲ. ಮಿಡ್‌ಲ್ಯಾಂಡ್ ಪಕ್ಕದ ಗಾರ್ಡನ್‌ಡೇಲ್ ಸುತ್ತ ಆಳಕ್ಕೆ ನೀರು ತುಂಬುವುದನ್ನು ಅವರು 2021ರಲ್ಲೇ ನಿಲ್ಲಿಸಿದರು. ಮೇಲಿನ ಪದರಗಳಿಗೆ ತುಂಬಲು ಹೋದರೆ ಅಲ್ಲಿಯೂ ಒತ್ತಡ ಏರುತ್ತಿದೆ. ಹಳೆಯ, ಯಾರೂ ಕೇಳದ ಬಾವಿಗಳಿಂದ ಉಪ್ಪುನೀರು ಉಕ್ಕುತ್ತಿದೆ. ತೈಲದ ಜೊತೆ ಬರುವ ನೀರನ್ನೇ ಮುಂದಿನ ಬಾವಿ ಸೀಳಲು ಬಳಸುವುದು ಜಾಸ್ತಿಯಾಗಿದೆ. ಒಳ್ಳೆಯದೇ, ಆದರೆ ಬರುವ ನೀರಿಗೆ ಅದೊಂದೇ ಸಾಲದು.

ಹಾಗಂತ ಬೇಡ ಅನ್ನಬೇಡಿ ಅಮ್ಮ. ಕಂಪನಗಳಲ್ಲಿ ಬಹಳಷ್ಟು ಸಣ್ಣವು. ಮಗ ಕೆಲವು ಕೆಲಸ ಮಾಡಿಕೊಳ್ಳಲಿ. ಟೆಕ್ಸ್‌ನೆಟ್ ಎಂಬ ಸರ್ಕಾರಿ ನಕ್ಷೆಯಲ್ಲಿ ಆ ಬೀದಿಯ ಸುತ್ತ ಎಲ್ಲೆಲ್ಲಿ ಕಂಪನ ಆಗಿದೆ ಅಂತ ನೋಡಲಿ. ಊರ ಹೊರಗೆ ಸ್ವಂತ ಬೋರಿರುವ ಮನೆಯಾದರೆ ನೀರು ಪರೀಕ್ಷೆ ಮಾಡಿಸದೆ ಮುಂಗಡ ಕೊಡಬಾರದು. ಮಾಮೂಲಿ ಮನೆ ವಿಮೆಯಲ್ಲಿ ಭೂಕಂಪ ಸೇರಿರುವುದಿಲ್ಲ, ಬೇರೆಯೇ ತೆಗೆದುಕೊಳ್ಳಬೇಕು. ಮನುಷ್ಯರಿಂದಾದ ಕಂಪನಕ್ಕೂ ಹಣ ಕೊಡುತ್ತೀರಾ ಅಂತ ಬರವಣಿಗೆಯಲ್ಲೇ ಕೇಳಿ ಪಡೆಯಲಿ.

ಇನ್ನೊಂದು. ನಮ್ಮ ಅಡುಗೆಮನೆ ಗೋಡೆಯಲ್ಲಿ ಅವತ್ತು ಕಿಟಕಿ ಮೂಲೆಯಿಂದ ಸೂರಿನವರೆಗೆ ಬಿರುಕು ಬಿಟ್ಟಿತು. ಕೈಬೆರಳು ತೂರುವಷ್ಟು. ವಿಮೆಯವರು ಬಂದು ನೋಡಿ, ಇದು ಮೊದಲೇ ಇರಲಿಲ್ಲ ಅನ್ನುವುದಕ್ಕೆ ಏನು ಸಾಕ್ಷಿ ಅಂತ ಕೇಳಿದರು. ನನ್ನ ಹತ್ತಿರ ಹಬ್ಬದ, ಹುಟ್ಟುಹಬ್ಬದ ನೂರಾರು ಫೋಟೋ ಇದ್ದವು. ಒಂದರಲ್ಲೂ ಆ ಗೋಡೆ ಇರಲಿಲ್ಲ. ಬೀಗದ ಕೈ ಸಿಕ್ಕ ದಿನವೇ, ಸಾಮಾನು ಇಡುವ ಮುಂಚೆ, ಪ್ರತಿ ಗೋಡೆಯ ಫೋಟೋ ತೆಗೆದು ನಿಮಗೊಂದು ಪ್ರತಿ ಕಳಿಸಲು ಹೇಳಿ.