ಲಾಕ್ವಿಲಾ ತಲುಪಿದ ಮೊದಲ ಶನಿವಾರವೇ ಕೊರ್ನೊ ಗ್ರಾಂಡೆ ಹತ್ತಬಹುದೇ?

ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ, ಕೊರ್ನೊ ಗ್ರಾಂಡೆಯಲ್ಲಿ ಅದರ ಅರ್ಧದಷ್ಟೇ ಏರು, ಸೆಪ್ಟೆಂಬರ್‌ನಲ್ಲಿ ಪಿಎಚ್.ಡಿ.ಗೆಂದು ಇಟಲಿಯ ಲಾಕ್ವಿಲಾ ಊರಿಗೆ ಹೋದ ಮೊದಲ ವಾರಾಂತ್ಯದಲ್ಲೇ ಹತ್ತಿಬಿಡಲೇ ಎಂದು ಕೇಳಿದ್ದೀರಿ. ಬೇಡ. ಇದೇ ಲೆಕ್ಕ ಹಾಕಿಕೊಂಡು, ಇದೇ ತಿಂಗಳಿನಲ್ಲಿ, ಇದೇ ಊರಿನಿಂದ ನಾನು ಹೊರಟಿದ್ದೆ. ಲೆಕ್ಕದ ಅಂಕಿಗಳಲ್ಲಿ ತಪ್ಪೇನೂ ಇರಲಿಲ್ಲ. ಕುಮಾರಪರ್ವತದ ಎತ್ತರ 1,712 ಮೀಟರ್, ಕುಕ್ಕೆಯಿಂದ ಹೊರಟರೆ ಬಹುತೇಕ ಅಷ್ಟನ್ನೂ ಕಾಲಿನಲ್ಲೇ ಏರಬೇಕು. ಕೊರ್ನೊ ಗ್ರಾಂಡೆ 2,912 ಮೀಟರ್, ಅಪೆನೈನ್ ಪರ್ವತಗಳಲ್ಲೇ ಅತಿ ಎತ್ತರದ ಶಿಖರ. ಆದರೆ ಬೆಟ್ಟದ ಬುಡದ ಫೊಂತೆ ಚೆರ್ರೆತೊದಿಂದ ಕೇಬಲ್ ಕಾರ್ ನಿಮ್ಮನ್ನು ಸುಮಾರು 2,130 ಮೀಟರ್ ಎತ್ತರದ ಕಾಂಪೊ ಇಂಪೆರಾತೋರೆಗೆ ತಲುಪಿಸಿಬಿಡುತ್ತದೆ. ಉಳಿಯುವುದು 800 ಮೀಟರಿನಷ್ಟು ಏರು. ಪಶ್ಚಿಮಘಟ್ಟದಲ್ಲಿ ಬೆಳೆದ ಯಾರಿಗೂ ಅದು ದೊಡ್ಡದೆನಿಸುವುದಿಲ್ಲ.

ನನಗೂ ಅನಿಸಲಿಲ್ಲ. ಬೆಳಗಿನ ಮೊದಲ ಕೇಬಲ್ ಕಾರಿನಲ್ಲಿ ಮೇಲೇರಿದೆ. 1943ರಲ್ಲಿ ಮುಸೊಲಿನಿಯನ್ನು ಸೆರೆಯಲ್ಲಿಟ್ಟಿದ್ದ ಹೋಟೆಲ್ ಕಟ್ಟಡ ಅಲ್ಲೇ ಇದೆ, ಅದರ ಪಕ್ಕದಲ್ಲಿ ಖಗೋಳ ವೀಕ್ಷಣಾಲಯದ ಗುಮ್ಮಟ. ಅಲ್ಲಿಂದ ಹುಲ್ಲಿನ ಇಳಿಜಾರನ್ನು ಅಡ್ಡಹಾಯ್ದು ಸೆಲ್ಲಾ ದಿ ಮೊಂತೆ ಆಕ್ವಿಲಾ ಎಂಬ ಕಣಿವೆಬಾಯಿಗೆ ಬಂದರೆ ಎದುರಿಗೆ ಇಡೀ ಶಿಖರ ಬರಿಮೈಯಲ್ಲಿ ನಿಲ್ಲುತ್ತದೆ. ಒಂದು ಮರವಿಲ್ಲ, ಒಂದು ತೊರೆಯಿಲ್ಲ. ಮುಂದಿನದು ಬ್ರೆಚ್ಚಾಯೊ, ಅಂದರೆ ಸುಣ್ಣಕಲ್ಲಿನ ಸಡಿಲ ಚೂರುಗಳ ಕಡಿದಾದ ಏರು. ಅದು ಮುಗಿದ ಮೇಲೆ ಕೊಂಕಾ ದೆಲಿ ಇನ್ವಾಲಿದಿ ಎಂಬ ಬೋಗುಣಿಯಂಥ ತಗ್ಗು, ಆಮೇಲೆ ಕೈ ಊರಿ ಹತ್ತಬೇಕಾದ ಬಂಡೆಗಳು. ಮಧ್ಯಾಹ್ನಕ್ಕೆ ಮುಂಚೆಯೇ ಮೇಲಿದ್ದೆ. ಕೆಳಗೆ ಕಾಲ್ದೆರೋನೆ ಕಾಣುತ್ತಿತ್ತು. ಯುರೋಪಿನ ಅತಿ ದಕ್ಷಿಣದ ಹಿಮನದಿ ಎಂದು ಹಿಂದೆ ಹೆಸರಾಗಿದ್ದ ಅದು ಈಗ ಕಲ್ಲುಮಣ್ಣು ಹೊದ್ದ ಮಂಜುಗಡ್ಡೆಯ ತುಣುಕುಗಳಾಗಿ ಉಳಿದಿದೆ. ಪೂರ್ವಕ್ಕೆ ಏಡ್ರಿಯಾಟಿಕ್ ಸಮುದ್ರದ ಗೆರೆ. ಅದನ್ನು ನೋಡುತ್ತ ಬಹಳ ಹೊತ್ತು ಕುಳಿತೆ. ಆ ಸಮುದ್ರದ ತೇವಭರಿತ ಗಾಳಿಯೇ ಬಿಸಿಲೇರಿದಂತೆ ತೆರಾಮೊ ಊರಿನ ಕಡೆಯ ಬಂಡೆಗೋಡೆಯನ್ನು ಹತ್ತಿ, ಹೊತ್ತು ತಿರುಗುವಷ್ಟರಲ್ಲಿ ಮೋಡವಾಗಿ ಶಿಖರವನ್ನು ಮುಚ್ಚುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಇಳಿಯಲು ಎದ್ದಾಗ ಹತ್ತು ಹೆಜ್ಜೆ ಮುಂದಿನ ಕಲ್ಲು ಕಾಣುತ್ತಿರಲಿಲ್ಲ.

ಇಲ್ಲಿ ನಡೆದದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಬೆಟ್ಟಗಳಲ್ಲಿ ಪಳಗಿದವರೇ ಈ ತಪ್ಪು ಮಾಡುವುದು. ಮಲೆನಾಡಿನಲ್ಲಿ ದಾರಿ ಎಂದರೆ ಕಾಲು ಸವೆಸಿದ ಮಣ್ಣು. ಹುಲ್ಲು ಬಾಗಿರುತ್ತದೆ, ಕೆಮ್ಮಣ್ಣು ಹೊಳೆಯುತ್ತಿರುತ್ತದೆ, ಬೇರುಗಳ ಸಿಪ್ಪೆ ಹೋಗಿರುತ್ತದೆ. ಎಷ್ಟೇ ಮಂಜು ಕವಿದರೂ ಕಣ್ಣನ್ನು ನೆಲಕ್ಕೆ ನೆಟ್ಟು, ಹೆಚ್ಚು ಸವೆದ ಕಡೆಗೆ ನಡೆದರೆ ಮನೆ ಸೇರುತ್ತೇವೆ. ಈ ಅಭ್ಯಾಸ ನನ್ನ ಕಾಲಿನಲ್ಲೇ ಇತ್ತು, ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ. ಬ್ರೆಚ್ಚಾಯೊದಲ್ಲಿ ಎಲ್ಲವೂ ಇದಕ್ಕೆ ತಿರುಗಾಮುರುಗ. ಗಟ್ಟಿ ಬಂಡೆಯ ಮೇಲೆ ಸಾವಿರಾರು ಜನ ನಡೆದರೂ ಗುರುತು ಉಳಿಯುವುದಿಲ್ಲ. ಗುರುತು ಉಳಿಯುವುದು ಸಡಿಲ ಜಲ್ಲಿಯ ಮೇಲೆ, ಮತ್ತು ಅಲ್ಲಿ ಉಳಿದಿರುವುದು ಬೇಗ ಕೆಳಗಿಳಿಯಲೆಂದು ಜಾರಿಕೊಂಡು ಹೋದವರ ಗೀರುಗಳು. ಅಂದರೆ ಕಣ್ಣಿಗೆ ಅತಿ ಸ್ಪಷ್ಟವಾಗಿ ಕಾಣುವ ಜಾಡು ಅಲ್ಲಿ ದಾರಿಯೇ ಅಲ್ಲ. ನಿಜವಾದ ದಾರಿ ಇಳಿಜಾರಿಗೆ ಅಡ್ಡವಾಗಿ ಸಾಗುತ್ತದೆ. ಅದನ್ನು ಹೇಳುವುದು ಬಂಡೆಗೆ ಬಳಿದ ಬಣ್ಣದ ಪಟ್ಟೆ ಮತ್ತು ಯಾರೋ ಪೇರಿಸಿಟ್ಟ ಕಲ್ಲುಗುಪ್ಪೆ, ಅಷ್ಟೆ. ಒಂದು ಗುರುತಿನ ಬಳಿ ನಿಂತು ಮುಂದಿನದು ಕಂಡ ಮೇಲೆಯೇ ಹೆಜ್ಜೆ ಇಡಬೇಕು. ಕಾಣದಿದ್ದರೆ ನಿಂತಲ್ಲೇ ನಿಲ್ಲಬೇಕು, ಇಲ್ಲವೇ ಹಿಂದಿನ ಗುರುತಿಗೆ ಮರಳಬೇಕು.

ನಾನು ನಿಲ್ಲಲಿಲ್ಲ. ಗೀರುಗಳನ್ನು ಹಿಡಿದು ನೇರ ಕೆಳಗೆ ಹೋದೆ. ಮೊಬೈಲಿನ ನಕ್ಷೆಯಲ್ಲಿ ನನ್ನ ಚುಕ್ಕೆ ದಾರಿಯ ಗೆರೆಗೆ ಅಂಟಿಕೊಂಡೇ ಇತ್ತು. ಅದನ್ನು ನೋಡಿ ಧೈರ್ಯ ತಂದುಕೊಂಡೆ. ಆದರೆ ಚುಕ್ಕೆ ಗೆರೆಯ ಮೇಲೆ ಕಂಡರೂ ನಾವು ಗೆರೆಯಿಂದ ಐವತ್ತು ಮೀಟರ್ ಆಚೆಯಿರಬಹುದು. ಬಯಲಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಅದೇ ಐವತ್ತು ಮೀಟರ್ ಬೇರೆಯೇ ಕಣಿವೆ, ಅಥವಾ ಬಂಡೆಯ ಅಂಚು. ಜಲ್ಲಿಯೊಂದಿಗೇ ಜಾರಿ, ಬಲಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿ, ಮೈ ಮಾತ್ರ ಮುಂದಕ್ಕೆ ಹೋಯಿತು. ಎದ್ದಾಗ ನಾನಿದ್ದದ್ದು ಕಾಂಪೊ ಪೆರಿಕೊಲಿಯ ಕಡೆಗೆ. ಸುಣ್ಣಕಲ್ಲು ಕರಗಿ ಕುಸಿದ ಗುಂಡಿಗಳೇ ತುಂಬಿದ ಜಾಗ ಅದು. ಒಂದು ಗುಂಡಿಗೆ ಇಳಿದರೆ ಸುತ್ತಲೂ ಒಂದೇ ತರಹದ ಅಂಚು, ದಿಕ್ಕು ತಿಳಿಯುವುದಿಲ್ಲ. ನೀರು ಮುಗಿದಿತ್ತು. ಕೆಳಗಿಳಿದರೆ ಎಲ್ಲಾದರೂ ಹಳ್ಳ ಸಿಕ್ಕೀತು ಎಂಬುದೂ ನಮ್ಮ ಊರಿನ ನಂಬಿಕೆಯೇ. ಕೊರ್ನೊ ಗ್ರಾಂಡೆ ಸೇರಿರುವ ಗ್ರಾನ್ ಸಾಸ್ಸೊ ಪರ್ವತಸಾಲಿನ ಮೇಲೆ ಬಿದ್ದ ಮಳೆ, ಕರಗಿದ ಹಿಮ ಎಲ್ಲವನ್ನೂ ಸುಣ್ಣಕಲ್ಲು ಒಳಗೆ ಇಳಿಸಿಕೊಳ್ಳುತ್ತದೆ. ಆ ನೀರು ಹೊರಗೆ ಬರುವುದು ಬೆಟ್ಟದ ಬುಡದಲ್ಲಿ, ಲಾಕ್ವಿಲಾ ಮತ್ತು ತೆರಾಮೊ ಕಡೆಯವರು ಕುಡಿಯುವುದು ಅದನ್ನೇ. ಮೇಲೆ ನಡೆಯುವವನಿಗೆ ಒಂದು ಹನಿ ಸಿಗುವುದಿಲ್ಲ.

ಚಾರಣಿಗರ ಗರಿಬಾಲ್ದಿ ಆಶ್ರಯಮನೆಯ ಕಡೆಯಿಂದ ಮಾತು ಕೇಳಿಸಿತು, ಕೂಗಿದೆ. ಇಬ್ಬರು ವಯಸ್ಸಾದ ಗಂಡಸರು. ನೀರು ಕೊಟ್ಟರು, ಪಾದವನ್ನು ಬಟ್ಟೆಯಿಂದ ಬಿಗಿದರು, ನನ್ನ ವೇಗಕ್ಕೆ ತಮ್ಮ ವೇಗ ತಗ್ಗಿಸಿ ಸೆಲ್ಲಾದವರೆಗೆ ಮತ್ತೆ ಹತ್ತಿಸಿದರು. ಕೊನೆಯ ಕೇಬಲ್ ಕಾರ್ ಹೋಗಿಯಾಗಿತ್ತು. ಅವರದೇ ಕಾರಿನಲ್ಲಿ ಊರಿಗೆ ಕರೆತಂದರು. ಕಾಲಿನ ಸ್ನಾಯುರಜ್ಜು ಹರಿದಿತ್ತು. ಬೆಟ್ಟದ ಒಳಗೆ, 1,400 ಮೀಟರ್ ಬಂಡೆಯ ಅಡಿಯಲ್ಲಿರುವ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ನನಗೆ ಸಿಕ್ಕಿದ್ದ ಕೆಲಸದ ಪಾಳಿಗಳು ಬೇರೆಯವರ ಪಾಲಾದವು. ಅಷ್ಟರಲ್ಲಿ ಹಿಮ ಬಿತ್ತು, ಮೇಲಿನ ರಸ್ತೆ ಮುಚ್ಚಿತು. ಶಿಖರವನ್ನು ಮತ್ತೆ ನೋಡಲು ಮುಂದಿನ ಬೇಸಿಗೆಯ ತನಕ ಕಾಯಬೇಕಾಯಿತು.

ಹೀಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಏರಿನ ಮೀಟರುಗಳನ್ನು ಹೋಲಿಸಬೇಡಿ. ಇಟಲಿಯ ಆಲ್ಪೈನ್ ಕ್ಲಬ್ ಪ್ರತಿ ದಾರಿಗೂ ಅಕ್ಷರ ಕೊಟ್ಟಿದೆ: ಟಿ ಎಂದರೆ ಸುಲಭ, ಇ ಎಂದರೆ ಸಾಧಾರಣ ಚಾರಣಿಗರಿಗೆ, ಇಇ ಎಂದರೆ ನುರಿತವರಿಗೆ, ಇಇಎ ಎಂದರೆ ನುರಿತವರಿಗೂ ಸಲಕರಣೆ ಬೇಕು. ಕೊರ್ನೊ ಗ್ರಾಂಡೆಯ ಅತಿ ಸಾಮಾನ್ಯ ದಾರಿಯೇ ಇಇ. ಇಲ್ಲಿ ನುರಿತವರು ಎಂದರೆ ಗಟ್ಟಿ ಉಸಿರಿನವರು ಎಂದಲ್ಲ, ಸಡಿಲ ಕಲ್ಲಿನ ಮೇಲೆ ನಿಲ್ಲಬಲ್ಲವರು, ಗುರುತು ಓದಬಲ್ಲವರು. ಕುಮಾರಪರ್ವತ ನಿಮಗೆ ಉಸಿರು ಕೊಟ್ಟಿದೆ, ಉಳಿದದ್ದನ್ನು ಅದು ಕಲಿಸಲಾರದು. ಮೊದಲ ತಿಂಗಳಲ್ಲಿ ಶಿಖರ ಬೇಕೇ ಬೇಕೆಂದರೆ 2,494 ಮೀಟರಿನ ಮೊಂತೆ ಆಕ್ವಿಲಾಕ್ಕೆ ಹೋಗಿ. ಅದೇ ಕೇಬಲ್ ಕಾರ್, ಅದೇ ಸೆಲ್ಲಾ, ಆದರೆ ಹುಲ್ಲಿನ ಬೆನ್ನು. ಅಲ್ಲಿ ಕುಳಿತರೆ ಕೊರ್ನೊ ಗ್ರಾಂಡೆ ಎದುರಿಗೇ ಇರುತ್ತದೆ, ಮೋಡ ಯಾವ ಹೊತ್ತಿಗೆ ಯಾವ ಕಡೆಯಿಂದ ಏರುತ್ತದೆಂದು ಕಣ್ಣಾರೆ ನೋಡಬಹುದು. ಅದನ್ನು ನೋಡಿದ ಮೇಲೆ ದೊಡ್ಡದಕ್ಕೆ ಹೊರಡಿ, ಜುಲೈ ತಿಂಗಳಿನಲ್ಲಿ, ಊರಿನವರ ಜೊತೆಗೆ. ಜೂನ್‌ನಲ್ಲೂ ಮೇಲಿನ ತಗ್ಗುಗಳಲ್ಲಿ ಗಟ್ಟಿ ಹಿಮ ಉಳಿದಿರುತ್ತದೆ.

ಕುಂಟುತ್ತಿದ್ದ ದಿನಗಳಲ್ಲಿ ನಾನು ಊರಿನೊಳಗೆ ನಡೆದೆ. ಅದನ್ನೇ ಮೊದಲು ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ. 2009ರ ಏಪ್ರಿಲ್ 6ರ ನಸುಕಿನ 3.32ಕ್ಕೆ ಅಲ್ಲಿ ನಡುಗಿದ ಭೂಮಿ 309 ಜನರನ್ನು ಬಲಿ ಪಡೆಯಿತು. ವಿದ್ಯಾರ್ಥಿ ನಿಲಯವೊಂದು ಕುಸಿದು ಎಂಟು ವಿದ್ಯಾರ್ಥಿಗಳು ಸತ್ತರು, ನಿಮ್ಮಂತೆಯೇ ಓದಲು ಬಂದವರು. ಪ್ರತಿ ವರ್ಷ ಆ ರಾತ್ರಿ ಊರಿನವರು ದೀಪ ಹಿಡಿದು ನಡೆಯುತ್ತಾರೆ. ಆ ನಡಿಗೆಯಲ್ಲಿ ನೀವೂ ಸೇರಿಕೊಳ್ಳಿ, ಯಾರೂ ಪರಕೀಯ ಎಂದು ನೋಡುವುದಿಲ್ಲ. ಕೊಲ್ಲೆಮಾಜ್ಜೊ ಬಸಿಲಿಕಾದ ಗುಲಾಬಿ-ಬಿಳಿ ಮುಂಗೋಡೆಯ ಎದುರು ನಿಂತು ನೋಡಿ: 1294ರಲ್ಲಿ ಬೆಟ್ಟದ ಗವಿಯಲ್ಲಿದ್ದ ವೃದ್ಧ ಸನ್ಯಾಸಿಯೊಬ್ಬನಿಗೆ ಐದನೆಯ ಸೆಲೆಸ್ಟೀನ್ ಎಂಬ ಹೆಸರಿನಲ್ಲಿ ಪೋಪ್ ಪಟ್ಟ ಕಟ್ಟಿದ್ದು ಅಲ್ಲೇ. ಕೆಲವೇ ತಿಂಗಳಲ್ಲಿ ಅವನು ಆ ಪಟ್ಟವನ್ನು ಬಿಟ್ಟುಕೊಟ್ಟ. ತ್ರಾತ್ತೂರೊ ಮಾನ್ಯೊ ಹೊರಡುವುದೂ ಅಲ್ಲಿಂದಲೇ. ಚಳಿಗಾಲಕ್ಕೆ ಕುರಿಹಿಂಡುಗಳು ದಕ್ಷಿಣದ ಫೊಜ್ಜಾ ಬಯಲಿಗೆ ಹೋಗುತ್ತಿದ್ದ 244 ಕಿಲೋಮೀಟರ್ ಉದ್ದದ ಹುಲ್ಲುದಾರಿ ಅದು, ಅಗಲ 111 ಮೀಟರ್. ಅದರ ಮೊದಲ ತುಂಡುಗಳನ್ನು ಮಧ್ಯಾಹ್ನ ಬಿಡುವಿದ್ದಾಗಲೇ ನಡೆಯಬಹುದು. ಕಾಂಪೊ ಇಂಪೆರಾತೋರೆಯ ಬಯಲು ಏಕೆ ಅಷ್ಟು ಬೋಳಾಗಿದೆ, ಬೆಟ್ಟದ ಹಳ್ಳಿಗಳು ಏಕೆ ಬರಿದಾದವು ಎಂಬುದು ನನಗೆ ತಿಳಿದದ್ದು ಆ ದಾರಿಯಲ್ಲಿ ನಡೆದ ಮೇಲೆ. ಇವನ್ನೆಲ್ಲ ಬಿಟ್ಟು, ಲಾಕ್ವಿಲಾವನ್ನು ಕೇಬಲ್ ಕಾರಿಗೆ ಬಸ್ ಹತ್ತುವ ಜಾಗವೆಂದು ಮಾತ್ರ ನೋಡುವ ಚಾರಣಿಗರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನಿಮ್ಮ ಮೊದಲ ಶನಿವಾರಕ್ಕೆ ನನ್ನ ಸಲಹೆ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಹಳ್ಳಿಯಿಂದ ರೊಕ್ಕಾ ಕಲಾಶೊವರೆಗಿನ ದಾರಿ. ಸುಮಾರು 1,460 ಮೀಟರ್ ಎತ್ತರದಲ್ಲಿ ಬಿಳಿ ಕಲ್ಲಿನ ಕೋಟೆ, ಅದರ ಕೆಳಗೆ ಒಂಟಿಯಾಗಿ ನಿಂತ ಎಂಟು ಮೂಲೆಯ ಚರ್ಚು, ಉತ್ತರಕ್ಕೆ ಇಡೀ ಗ್ರಾನ್ ಸಾಸ್ಸೊ ಸಾಲು. ಗಡಿಬಿಡಿಯಿಲ್ಲದೆ ಹೋಗಿ ಬರಲು ಅರ್ಧ ದಿನ ಸಾಕು. ಹಿಂದಿರುಗುವಾಗ ಸಾಂತೊ ಸ್ತೆಫಾನೊದ ಪುಟ್ಟ ಕಪ್ಪು ಮಸೂರವನ್ನು ಒಂದು ಪೊಟ್ಟಣ ಕೊಳ್ಳಿ. ನೆನೆಸದೆಯೇ ಬೇಯುತ್ತದೆ, ಸಾರಿಗೆ ಬಹಳ ಚೆನ್ನಾಗಿರುತ್ತದೆ. ಊರಿನಿಂದ ಒಯ್ದ ತೊಗರಿಬೇಳೆ ಮುಗಿದ ಮೇಲೆ ನಾನು ದಿನವೂ ಅದನ್ನೇ ಮಾಡುತ್ತಿದ್ದೆ.

ದಾರಿಯಲ್ಲಿ ಕುರಿಹಿಂಡು ಎದುರಾದರೆ ಅದನ್ನು ಕಾಯುವ ದೊಡ್ಡ ಬಿಳಿ ನಾಯಿಗಳು ಇದ್ದೇ ಇರುತ್ತವೆ. ತೋಳಗಳನ್ನು ಎದುರಿಸಲೆಂದೇ ಸಾಕಿದ ತಳಿ ಅದು. ಓಡಬೇಡಿ, ಕಲ್ಲು ಎತ್ತಬೇಡಿ, ಹಿಂಡಿಗೂ ನಾಯಿಗೂ ನಡುವೆ ಹೋಗಬೇಡಿ. ದೂರದಿಂದ ಸುತ್ತುಹಾಕಿ, ಎಷ್ಟು ದೂರವಾದರೂ ಸರಿ. ತುರ್ತು ಕರೆಗೆ 112. ಆಲ್ಪೈನ್ ಕ್ಲಬ್‌ನವರ 1:25,000 ಅಳತೆಯ ಗ್ರಾನ್ ಸಾಸ್ಸೊ ನಕ್ಷೆಯನ್ನು ಕಾಗದದ ರೂಪದಲ್ಲೇ ಕೊಂಡುಕೊಳ್ಳಿ. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲುತ್ತದೆ, ಋತುಗಳ ನಡುವೆ ದುರಸ್ತಿಗೆಂದು ಮುಚ್ಚುವುದೂ ಉಂಟು. ಆದ್ದರಿಂದ ಹೊರಡುವ ಮುನ್ನ ಕೊನೆಯ ಗಾಡಿಯ ಹೊತ್ತನ್ನು ಕೇಳಿಕೊಳ್ಳಿ. ಬೆಟ್ಟದ ಹಳ್ಳಿಗಳಿಗೆ ಬಸ್ಸು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಹಿಂದಿನ ಸಂಜೆಯೇ ವೇಳಾಪಟ್ಟಿ ನೋಡಿ ಟಿಕೆಟ್ ತೆಗೆದಿಡಿ.