ಎಲ್ಲರೂ ಇದ್ದಾರೆ, ನೀವೇ ಇಲ್ಲ

ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಸಂಶೋಧಕಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಕಾಗದದಲ್ಲಿ ಓದಿದ್ದು ಜಾಸ್ತಿ ಅರ್ಥವಾಗುತ್ತದೋ, ಪರದೆಯ ಮೇಲೆ ಓದಿದ್ದೋ ಎಂಬುದು ಅವರ ಪಿಎಚ್‌ಡಿ ವಿಷಯ. ಎರಡು ವರ್ಷದಿಂದ ಓದುತ್ತಲೇ ಇದ್ದಾರೆ. ಇನ್ನೂರಕ್ಕೂ ಹೆಚ್ಚು ಸಂಶೋಧನಾ ಪೇಪರ್‌ಗಳು ಲ್ಯಾಪ್‌ಟಾಪಿನಲ್ಲಿ ತುಂಬಿವೆ. ಸಾಹಿತ್ಯ ಸಮೀಕ್ಷೆಯ ಅಧ್ಯಾಯ, ಅಂದರೆ ಆ ವಿಷಯದಲ್ಲಿ ಈವರೆಗೆ ನಡೆದ ಸಂಶೋಧನೆಗಳನ್ನು ಪರಿಶೀಲಿಸುವ ಅಧ್ಯಾಯ, ಅಂತ ಅರವತ್ತು ಪುಟ ಬರೆದುಕೊಟ್ಟರೆ, ಗೈಡ್ ಅದನ್ನು ಓದಿ 'ಇದರಲ್ಲಿ ಎಲ್ಲರೂ ಇದ್ದಾರೆ, ನೀವೇ ಇಲ್ಲ' ಎಂದು ವಾಪಸ್ ಕೊಟ್ಟಿದ್ದಾರೆ. ಪತ್ರದಲ್ಲಿ ಮುಖ್ಯವಾಗಿ ಮೂರು ಪ್ರಶ್ನೆಗಳಿವೆ. ಇನ್ನೂ ಎಷ್ಟು ಓದಬೇಕು? ಗ್ಯಾಪ್, ಅಂದರೆ ಈವರೆಗಿನ ಸಂಶೋಧನೆ ಉತ್ತರಿಸದೆ ಬಿಟ್ಟ ಜಾಗ, ತೋರಿಸಿ ಅಂತಾರೆ, ಅದನ್ನು ಎಲ್ಲಿಂದ ತರುವುದು? ಇಷ್ಟು ದೊಡ್ಡ ವಿದ್ವಾಂಸರ ಕೆಲಸದ ಬಗ್ಗೆ ಅಭಿಪ್ರಾಯ ಹೇಳಲು ನಾನು ಯಾರು?

ಮೂರನೆಯದಕ್ಕೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದೆರಡು ಪ್ರಶ್ನೆಗಳ ಬೇರು ಅಲ್ಲೇ ಇದೆ. ಆ ಇನ್ನೂರು ಪೇಪರ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು, ಒಂದೇ ಪ್ರಶ್ನೆ ಮನಸ್ಸಿನಲ್ಲಿಟ್ಟು ಓದಿದವರು ನೀವು. ಆ ಪೇಪರ್ ಬರೆದವರಲ್ಲಿ ಯಾರೂ ನಿಮ್ಮ ಪ್ರಶ್ನೆ ಹಿಡಿದುಕೊಂಡು ಓದಿಲ್ಲ. ಅಷ್ಟು ಸಾಕು, ಅಭಿಪ್ರಾಯ ಹೇಳುವ ಹಕ್ಕು ನಿಮಗೆ ಬಂದಾಗಿದೆ. ಹಕ್ಕು ಅಂದರೂ ಸಾಲದು, ಅದು ನಿಮ್ಮ ಕೆಲಸ. ಯಾವ ಅಧ್ಯಯನ ಗಟ್ಟಿ, ಯಾವುದು ಸಡಿಲ, ಯಾವುದು ಗಟ್ಟಿಯಾಗಿದ್ದರೂ ನಿಮ್ಮ ವಿಷಯಕ್ಕೆ ಬರುವುದಿಲ್ಲ ಅಂತ ತೂಗಿ ಹೇಳುವವರು ಬೇಕು ಅಂತಲೇ ಈ ಅಧ್ಯಾಯ ಇರುವುದು. ಸುಮ್ನೆ ಯಾರು ಏನು ಹೇಳಿದರು ಅಂತ ತಿಳಿಯಬೇಕಾದರೆ ಆ ಪೇಪರ್‌ಗಳ ಸಾರಾಂಶವನ್ನೇ ಓದಬಹುದಲ್ವಾ?

ನೀವು ಕಳಿಸಿದ ನಾಲ್ಕು ಪುಟ ಓದಿದೆ. ಪ್ರತಿ ಪ್ಯಾರಾ ಒಬ್ಬರ ಹೆಸರಿನಿಂದ ಶುರುವಾಗುತ್ತದೆ. ಇವರು ಇಂಥ ವರ್ಷ ಇಷ್ಟು ಮಕ್ಕಳ ಮೇಲೆ ಅಧ್ಯಯನ ಮಾಡಿದರು, ಹೀಗೆ ಕಂಡುಕೊಂಡರು. ಮುಂದಿನ ಪ್ಯಾರಾದಲ್ಲಿ ಇನ್ನೊಬ್ಬರು. ಎರಡು ಪ್ಯಾರಾಗಳ ಜಾಗ ಅದಲು ಬದಲು ಮಾಡಿದರೂ ಏನೂ ಆಗುವುದಿಲ್ಲ. ರೋಗ ಇರುವುದು ಅಲ್ಲೇ. ಹೆಸರುಗಳ ಸುತ್ತ ಕಟ್ಟಿದ ಅಧ್ಯಾಯಕ್ಕೆ ಹಿಂದು ಮುಂದು ಇರುವುದಿಲ್ಲ, ಆದ್ದರಿಂದ ಅದರಲ್ಲಿ ಬರೆದವರ ದನಿ ಬರಲು ಜಾಗವೇ ಇಲ್ಲ. ವಿಷಯದ ಸುತ್ತ ಕಟ್ಟಿದರೆ ಒಂದು ಮಾತಿನಿಂದ ಇನ್ನೊಂದು ಮಾತು ಹುಟ್ಟಬೇಕಾಗುತ್ತದೆ. ಹಾಗೆ ಹುಟ್ಟಿಸುವವರು ನೀವೇ.

ನಿಮ್ಮದೇ ವಿಷಯದಿಂದ ಉದಾಹರಣೆ ಕೊಡುತ್ತೇನೆ. 1992ರಲ್ಲಿ ಬಂದ ಒಂದು ಸಮೀಕ್ಷೆ, ಪರದೆಯ ಮೇಲೆ ಓದುವುದು ನಿಧಾನ ಎಂದಿತ್ತು. ಅಂದಿನ ಪರದೆಗಳು ಇಂದಿನಂತೆ ಇರಲಿಲ್ಲ, ಅಕ್ಷರ ಸ್ಪಷ್ಟವಿರಲಿಲ್ಲ. ಪರದೆ ಸುಧಾರಿಸಿದರೆ, ಚಿಕ್ಕಂದಿನಿಂದ ಪರದೆ ನೋಡಿ ಬೆಳೆದವರು ಬಂದರೆ ಈ ವ್ಯತ್ಯಾಸ ತಾನಾಗೇ ಹೋಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. 2018ರಲ್ಲಿ ಒಂದು ದೊಡ್ಡ ಮೆಟಾ ಅನಾಲಿಸಿಸ್, ಅಂದರೆ ಹಲವು ಅಧ್ಯಯನಗಳ ಫಲಿತಾಂಶ ಕೂಡಿಸಿ ನೋಡುವ ವಿಶ್ಲೇಷಣೆ, ಬಂತು. 2000ರಿಂದ 2017ರವರೆಗಿನ 54 ಅಧ್ಯಯನಗಳು, ಒಟ್ಟು 1,70,000ಕ್ಕೂ ಹೆಚ್ಚು ಜನ. ಅರ್ಥ ಮಾಡಿಕೊಳ್ಳುವುದರಲ್ಲಿ ಕಾಗದ ಸ್ವಲ್ಪ ಮುಂದೆ ಎಂದು ಅದು ಹೇಳಿತು. ಅಷ್ಟೇ ಅಲ್ಲ, ವರ್ಷ ಕಳೆದಂತೆ ಆ ವ್ಯತ್ಯಾಸ ಕಡಿಮೆಯಾಗುವ ಬದಲು ಹೆಚ್ಚಾಗಿದೆ ಎಂದಿತು. ಈ ಎರಡನ್ನೂ ನೀವು ನಿಮ್ಮ ಅಧ್ಯಾಯದಲ್ಲಿ ಹೇಳಿದ್ದೀರಿ, ಆದರೆ ಬೇರೆ ಬೇರೆ ಪುಟಗಳಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದವರಂತೆ. ಅವೆರಡನ್ನೂ ಪಕ್ಕದಲ್ಲಿಟ್ಟು 'ಹಾಗಾದರೆ ತಪ್ಪು ಪರದೆಯ ಗುಣಮಟ್ಟದ್ದು ಮಾತ್ರ ಅಲ್ಲ, ಓದುವ ರೀತಿಯಲ್ಲೇ ಏನೋ ಬದಲಾಗುತ್ತಿರಬೇಕು' ಎಂದು ಒಂದು ವಾಕ್ಯ ಬರೆದಿದ್ದರೆ, ಆ ವಾಕ್ಯದಲ್ಲಿ ನೀವು ಇರುತ್ತಿದ್ದಿರಿ. ನಿಮ್ಮ ಗೈಡ್ ಹುಡುಕಿದ್ದು ಅಂಥ ವಾಕ್ಯಗಳನ್ನು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಅದೇ 2018ರ ವಿಶ್ಲೇಷಣೆ ಪ್ರಕಾರ, ಮಾಹಿತಿ ಕೊಡುವ ಬರಹದಲ್ಲಿ ಕಾಗದ ಮುಂದೆ, ಬರೀ ಕಥೆ ಓದಿಸಿದಲ್ಲಿ ವ್ಯತ್ಯಾಸ ಕಾಣಲಿಲ್ಲ. ಓದಲು ಸಮಯದ ಮಿತಿ ಇದ್ದಾಗ ಕಾಗದದ ಅನುಕೂಲ ಇನ್ನೂ ಹೆಚ್ಚು. ಸರಿ. 2021ರಲ್ಲಿ ಚಿಕ್ಕ ಮಕ್ಕಳ ಬಗ್ಗೆ, ಒಂದರಿಂದ ಎಂಟು ವರ್ಷದವರ ಬಗ್ಗೆ, 39 ಅಧ್ಯಯನಗಳನ್ನು ಕೂಡಿಸಿ ನೋಡಿದ ಇನ್ನೊಂದು ಬಂತು. ಅಲ್ಲಿ ಇದ್ದದ್ದು ಕಥೆ ಪುಸ್ತಕಗಳೇ. ಪುಸ್ತಕವನ್ನು ಹೆಚ್ಚು ಕಡಿಮೆ ಹಾಗೇ ಪರದೆಗೆ ತಂದಾಗ ಕಾಗದವೇ ಮೇಲು, ಆದರೆ ಕಥೆಗೆ ಹೊಂದುವ ಹಾಗೆ ಪರದೆಯ ಸೌಲಭ್ಯ ಬಳಸಿಕೊಂಡಾಗ ಪರದೆಯೇ ಮೇಲು ಎಂದು ಕಂಡಿತು. ಈಗ ನೋಡಿ, ಒಂದು ಕಡೆ ಕಥೆಯಲ್ಲಿ ವ್ಯತ್ಯಾಸ ಇಲ್ಲ, ಇನ್ನೊಂದು ಕಡೆ ಇದೆ. ಯಾಕೆ? ವಯಸ್ಸೇ? ಅಷ್ಟು ಚಿಕ್ಕ ಮಕ್ಕಳಿಗೆ ದೊಡ್ಡವರೋ ಯಂತ್ರವೋ ಓದಿ ಹೇಳುವುದರಿಂದಲೇ? 'ಪರದೆ' ಎನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವಸ್ತುಗಳನ್ನು ಅಳೆದದ್ದರಿಂದಲೇ? ನಿಮ್ಮ ಹನ್ನೊಂದು ಹನ್ನೆರಡರ ಮಕ್ಕಳು ತಾವೇ ಓದುವವರು, ಕಥೆಯನ್ನೂ ಓದುತ್ತಾರೆ, ಪಾಠವನ್ನೂ ಓದುತ್ತಾರೆ. ಇವೆರಡು ಉತ್ತರಗಳಲ್ಲಿ ಯಾವುದು ಅವರಿಗೆ ಅನ್ವಯಿಸುತ್ತದೆ ಎಂದು ಮೊದಲೇ ಹೇಳಲಾಗದು.

ನಿಮ್ಮ ಗ್ಯಾಪ್ ಇಲ್ಲೇ ಇದೆ. ಹೊರಗಿನಿಂದ ತರಬೇಕಾಗಿಲ್ಲ. ನಿಮ್ಮ ಕರಡಿನಲ್ಲಿ 'ಈ ವಯಸ್ಸಿನ ಮಕ್ಕಳ ಮೇಲೆ ಹೆಚ್ಚು ಅಧ್ಯಯನ ನಡೆದಿಲ್ಲ, ಆದ್ದರಿಂದ ಈ ಸಂಶೋಧನೆ ಅಗತ್ಯ' ಎಂದಿದ್ದೀರಿ. ಯಾರೂ ಮಾಡಿಲ್ಲ ಎನ್ನುವುದು ಕಾರಣವೇ ಅಲ್ಲ. ಮಾಡುವ ಅಗತ್ಯ ಇಲ್ಲದ್ದರಿಂದಲೂ ಯಾರೂ ಮಾಡದೇ ಇರಬಹುದು. 'ಇಲ್ಲಿ ಎರಡು ಗಟ್ಟಿ ಅಧ್ಯಯನಗಳು ಕಥೆಯ ಬಗ್ಗೆ ಬೇರೆ ಬೇರೆ ಮಾತು ಹೇಳುತ್ತವೆ, ಈ ವಯಸ್ಸಿನಲ್ಲಿ ನೋಡಿದರೆ ಆ ಗಂಟು ಬಿಡಿಸಲು ಸಹಾಯವಾಗುತ್ತದೆ' ಎಂದರೆ ಅದು ಕಾರಣ. ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಯಾರಾದರೂ 'ಇದನ್ನೇ ಯಾಕೆ ಆರಿಸಿಕೊಂಡಿರಿ' ಎಂದರೆ ಧೈರ್ಯವಾಗಿ ಹೇಳಬಹುದಾದ ಉತ್ತರ ಇದು.

ಈಗ ಎಷ್ಟು ಓದಬೇಕು ಎನ್ನುವುದಕ್ಕೆ ಬರುತ್ತೇನೆ. ಈ ಬಗ್ಗೆ ವಿದ್ವಾಂಸರಲ್ಲೇ ಜಗಳ ಇದೆ, ನಿಮಗೆ ಗೊತ್ತಿದ್ದರೆ ಸ್ವಲ್ಪ ಸಮಾಧಾನ ಆದೀತು. 2005ರಲ್ಲಿ ಬೂಟ್ ಮತ್ತು ಬೀಲ್ ಎಂಬ ಇಬ್ಬರು, ಶಿಕ್ಷಣ ಕ್ಷೇತ್ರದ ಪ್ರಬಂಧಗಳಲ್ಲಿ ಸಮೀಕ್ಷೆ ಅಧ್ಯಾಯಗಳು ತುಂಬ ದುರ್ಬಲವಾಗಿವೆ, ಒಳ್ಳೆಯ ಸಂಶೋಧನೆಗೆ ಮೊದಲು ಆ ಕ್ಷೇತ್ರವನ್ನು ಪೂರ್ತಿ ಬಲ್ಲ ವಿದ್ವಾಂಸರಾಗಬೇಕು ಎಂದು ವಾದಿಸಿದರು. ಮರುವರ್ಷವೇ ಜೋಸೆಫ್ ಮ್ಯಾಕ್ಸ್‌ವೆಲ್ ಅದಕ್ಕೆ ಉತ್ತರ ಬರೆದು, ಪ್ರಬಂಧಕ್ಕೆ ಬೇಕಾದದ್ದು ಎಲ್ಲವನ್ನೂ ಒಳಗೊಂಡ ಸಮೀಕ್ಷೆಯಲ್ಲ, ನಿಮ್ಮ ಅಧ್ಯಯನಕ್ಕೆ ನಿಜವಾಗಿ ಸಂಬಂಧಪಟ್ಟದ್ದು ಎಂದರು. ನನ್ನ ಒಲವು ಮ್ಯಾಕ್ಸ್‌ವೆಲ್ ಕಡೆ. ಆದರೆ ಒಂದು ಷರತ್ತು ಹಾಕುತ್ತೇನೆ: ಯಾವುದು ಸಂಬಂಧಪಟ್ಟದ್ದು ಎಂದು ತಿಳಿಯಲು ಮೊದಲು ಅಗಲವಾಗಿ ಓದಿರಲೇಬೇಕು. ಆ ಅಗಲದ ಓದು ನಿಮ್ಮದು ಮುಗಿದಿದೆ.

ನಿಲ್ಲಿಸುವ ಗುರುತು ಹೀಗಿರುತ್ತದೆ. ಹೊಸ ಪೇಪರ್ ಕೈಗೆ ಬಂದಾಗ ನೇರ ಹಿಂದಿನ ಗ್ರಂಥಋಣ ನೋಡಿ. ಅಲ್ಲಿರುವ ಮುಖ್ಯ ಹೆಸರುಗಳೆಲ್ಲ ನಿಮಗೆ ಆಗಲೇ ಗೊತ್ತಿದ್ದರೆ, ನಾಲ್ಕೈದು ಪೇಪರ್‌ಗಳಲ್ಲಿ ಮತ್ತೆ ಮತ್ತೆ ಹೀಗೇ ಆದರೆ, ಆ ದಿಕ್ಕಿನಲ್ಲಿ ಸಾಕು. ಹಿಂದಕ್ಕೆ ಹೋದಂತೆ ಮುಂದಕ್ಕೂ ಹೋಗಬೇಕು. ಅಂದರೆ ನಿಮಗೆ ಮುಖ್ಯವೆನಿಸಿದ ಹಳೆಯ ಪೇಪರ್ ಅನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡುವುದು. ಹಿಂದೆ ಇದು ಬಹಳ ಕಷ್ಟದ ಕೆಲಸ. ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಸೈಟೇಶನ್ ಇಂಡೆಕ್ಸ್, ಅಂದರೆ ಯಾವ ಪೇಪರನ್ನು ಯಾರು ಉಲ್ಲೇಖಿಸಿದ್ದಾರೆ ಎಂಬ ಸೂಚಿ, ಹೊರತಂದ ಮೇಲೆ ದಾರಿ ಸಿಕ್ಕಿತು. 2004ರಲ್ಲಿ ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಬಂದ ಮೇಲಂತೂ ಒಂದು ಕ್ಲಿಕ್‌ನ ಮಾತು. ಒಂದು ಮಾತಿಗೆ ಯಾರು ಒಪ್ಪಿದರು, ಯಾರು ತಿರುಗಿಬಿದ್ದರು ಎಂಬುದು ಹೀಗೇ ಗೊತ್ತಾಗುತ್ತದೆ. ಹುಡುಕುವಾಗ ಯಾವ ದಿನ, ಎಲ್ಲಿ, ಯಾವ ಪದ ಹಾಕಿ ಹುಡುಕಿದಿರಿ ಎಂದು ಬರೆದಿಟ್ಟುಕೊಳ್ಳಿ. ನಿಮ್ಮದು ಮೊದಲೇ ನಿಗದಿಯಾದ ವಿಧಾನದಲ್ಲಿ ಎಲ್ಲ ಅಧ್ಯಯನಗಳನ್ನೂ ಹುಡುಕಿ ತೂಗುವ ಕಟ್ಟುನಿಟ್ಟಿನ ಸಿಸ್ಟಮ್ಯಾಟಿಕ್ ರಿವ್ಯೂ ಅಲ್ಲ, ಆದರೂ ಈ ದಾಖಲೆ ಬೇಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ನೀವೇ ತೆರೆದು ಓದದ ಪೇಪರ್ ಅನ್ನು ನೀವೇ ಓದಿದಂತೆ ಉಲ್ಲೇಖಿಸಬೇಡಿ. ಒಂದು ದೊಡ್ಡ ಪ್ರಕಾಶನ ಸಂಸ್ಥೆ ಲೇಖಕರಿಗೆ ಉಲ್ಲೇಖ ಬರೆಯುವ ಮಾದರಿ ತೋರಿಸಲು ಒಂದು ಕಾಲ್ಪನಿಕ ಲೇಖನದ ವಿವರ ಕೊಟ್ಟಿತ್ತು. ವಿಜ್ಞಾನದ ಲೇಖನ ಬರೆಯುವ ಕಲೆಯ ಬಗ್ಗೆ, 2000ನೇ ಇಸವಿಯದು. ಅಂಥ ಲೇಖನ ಯಾರೂ ಬರೆದೇ ಇಲ್ಲ. ಆದರೂ ಅದು ನೂರಾರು ಕಡೆ ನಿಜವಾದ ಉಲ್ಲೇಖವಾಗಿ ಸೇರಿಕೊಂಡಿದೆ ಎಂದು 2017ರಲ್ಲಿ ಬಯಲಾಯಿತು. ಮಾದರಿಯನ್ನು ಅಳಿಸುವುದು ಮರೆತಿದ್ದರಿಂದಲೇ ಎಷ್ಟೋ ಕಡೆ ಹಾಗಾಗಿರಬಹುದು, ಆದರೆ ಯಾರೂ ಗಮನಿಸಲಿಲ್ಲ ಎಂಬುದು ಸತ್ಯ. ಈಗ ಎಐ ಚಾಟ್‌ಬಾಟ್‌ಗಳು ಬಂದ ಮೇಲೆ ಅಪಾಯ ಇನ್ನೂ ಹೆಚ್ಚು. ಲೇಖಕರ ಹೆಸರು, ಜರ್ನಲ್, ವರ್ಷ, ಪುಟ ಸಂಖ್ಯೆ ಎಲ್ಲವೂ ನಂಬುವ ಹಾಗಿರುತ್ತವೆ, ಆದರೆ ಎಷ್ಟೋ ಸಲ ಅಂಥ ಪೇಪರೇ ಇರುವುದಿಲ್ಲ. ಹುಡುಕಲು ಅವನ್ನು ಬಳಸುವುದಾದರೆ ಬಳಸಿ, ಅಭ್ಯಂತರವಿಲ್ಲ. ಮೂಲ ತೆರೆದು ಓದುವ ತನಕ ಅದನ್ನು ನಿಮ್ಮ ಫೈಲಿಗೆ ಸೇರಿಸಬೇಡಿ. ಹಾಗೇ, ಪ್ರಕಟವಾದ ಮೇಲೆ ಜರ್ನಲ್ ಹಿಂಪಡೆದ ಪೇಪರ್‌ಗಳಿರುತ್ತವೆ. ನೀವು ಜಾಸ್ತಿ ನೆಚ್ಚಿಕೊಂಡಿರುವ ಪೇಪರ್‌ಗಳಲ್ಲಿ ಅಂಥದ್ದು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಅರವತ್ತು ಪುಟ ಏನು ಮಾಡಲಿ ಎಂದೂ ಕೇಳಿದ್ದೀರಿ. ಅದನ್ನು ತಿದ್ದಲು ಕೂರಬೇಡಿ. ಪಕ್ಕಕ್ಕಿಡಿ. ಖಾಲಿ ಹಾಳೆ ತೆಗೆದುಕೊಂಡು, ಒಬ್ಬರ ಹೆಸರನ್ನೂ ಬಳಸದೆ, ಒಂದೇ ಒಂದು ಪುಟ ಬರೆಯಿರಿ. ಈ ವಿಷಯದಲ್ಲಿ ಯಾವುದು ಗಟ್ಟಿಯಾಗಿ ಗೊತ್ತಿದೆ, ಎಲ್ಲಿ ಒಪ್ಪಿಗೆ ಇಲ್ಲ, ಯಾಕಿಲ್ಲ ಎಂದು ನಿಮಗನ್ನಿಸುತ್ತದೆ, ಏನು ಮಾಡಿದರೆ ಅದು ತಿಳಿಯಾಗಬಹುದು. ಪೇಪರ್‌ಗಳನ್ನೆಲ್ಲ ಮುಚ್ಚಿಟ್ಟು ಬರೆಯಿರಿ. ಕೈ ನಡುಗುತ್ತದೆ, ನಡುಗಲಿ. ನಾನು ಇದನ್ನೇ ಬಲವಾಗಿ ಹೇಳುವುದಕ್ಕೆ ಕಾರಣವಿದೆ: ಹೆಸರುಗಳು ಇರುವ ತನಕ ನೀವು ಅವರ ಹಿಂದೆ ನಿಂತುಕೊಳ್ಳುತ್ತೀರಿ. ಹೆಸರು ತೆಗೆದರೆ ಉಳಿಯುವುದು ನಿಮ್ಮ ವಾದ. ಏನೂ ಉಳಿಯದಿದ್ದರೆ, ಅದೂ ಗೊತ್ತಾಗುವುದು ಒಳ್ಳೆಯದೇ, ಆಗ ಯಾವ ಭಾಗವನ್ನು ಮತ್ತೆ ಓದಬೇಕೆಂದು ತಿಳಿಯುತ್ತದೆ.

ಆಮೇಲೆ ಒಂದು ಕೋಷ್ಟಕ ಮಾಡಿ. ಎಡಗಡೆ ಪೇಪರ್‌ಗಳು, ಮೇಲ್ಗಡೆ ವಿಷಯಗಳು: ಮಕ್ಕಳ ವಯಸ್ಸು, ಬರಹದ ಬಗೆ, ಸಮಯದ ಮಿತಿ, ಯಾವ ಸಾಧನ, ಅರ್ಥವಾದದ್ದನ್ನು ಹೇಗೆ ಅಳೆದರು. ತುಂಬುತ್ತಾ ಹೋದರೆ ಯಾವ ವಿಷಯದ ಕೆಳಗೆ ಖಾಲಿ, ಯಾವುದರಲ್ಲಿ ಜಗಳ ಅಂತ ಕಣ್ಣಿಗೇ ಕಾಣುತ್ತದೆ. ಇನ್ನೂರೂ ಬೇಡ. ನಿಮ್ಮ ವಾದಕ್ಕೆ ನೇರ ತಾಗುವ ಮೂವತ್ತು ನಲವತ್ತು ಸಾಕು, ಉಳಿದವು ಒಂದೊಂದು ವಾಕ್ಯದಲ್ಲಿ ಗುಂಪಾಗಿ ಬರಲಿ, ಕೆಲವು ಬರದೇ ಇರಲಿ. ಓದಿದ್ದನ್ನೆಲ್ಲ ತೋರಿಸಬೇಕು ಎನ್ನುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಬಿಡಬೇಕು. ಟಿಪ್ಪಣಿ ಮಾಡುವಾಗ ಪಿಡಿಎಫ್ ಮುಚ್ಚಿ ನಿಮ್ಮ ಮಾತಿನಲ್ಲೇ ಬರೆಯಿರಿ, ಇಲ್ಲದಿದ್ದರೆ ಅವರ ವಾಕ್ಯ ನಿಮಗೆ ತಿಳಿಯದೇ ನಿಮ್ಮ ಪ್ರಬಂಧದೊಳಗೆ ಬಂದು ಕೃತಿಚೌರ್ಯದ ಪ್ರಶ್ನೆ ಏಳುತ್ತದೆ. ಉಲ್ಲೇಖಗಳನ್ನು ಇಟ್ಟುಕೊಳ್ಳಲು ಝೊಟೆರೋದಂಥ ಉಚಿತ ಸಾಫ್ಟ್‌ವೇರ್ ಇದೆ. ಕೈಯಲ್ಲಿ ಟೈಪ್ ಮಾಡುತ್ತಾ ಕೂರಬೇಡಿ.

ದೊಡ್ಡವರನ್ನು ಟೀಕಿಸುವುದು ಹೇಗೆ ಎಂಬ ಅಳುಕು ಇನ್ನೂ ಉಳಿದಿರಬಹುದು. 'ಈ ಅಧ್ಯಯನದಲ್ಲಿ ಮಕ್ಕಳ ಸಂಖ್ಯೆ ಕಡಿಮೆ' ಎಂದು ಬರೆದು ಬಿಟ್ಟರೆ ಅದು ಟೀಕೆಯೂ ಅಲ್ಲ, ಮರ್ಯಾದೆಯೂ ಅಲ್ಲ. ಸಂಖ್ಯೆ ಕಡಿಮೆಯಾದ್ದರಿಂದ ಅವರ ಯಾವ ಮಾತನ್ನು ನಂಬಬಹುದು, ಯಾವುದನ್ನು ನಂಬಲಾಗದು ಎಂದು ಹೇಳಿ. ಒಬ್ಬರ ಕೆಲಸವನ್ನು ಅಷ್ಟು ಗಮನವಿಟ್ಟು ಓದುವುದಕ್ಕಿಂತ ದೊಡ್ಡ ಗೌರವ ನನಗೆ ತಿಳಿದಿಲ್ಲ.

ಗೈಡ್ ಹತ್ತಿರ ಮುಂದಿನ ಸಲ ಹೋಗುವಾಗ ಹೊಸ ಅಧ್ಯಾಯ ತೆಗೆದುಕೊಂಡು ಹೋಗಬೇಡಿ. ಆ ಒಂದು ಪುಟ, ಆ ಕೋಷ್ಟಕ, ಎರಡೇ ಸಾಕು. 'ಸರಿಯಾಗಿದೆಯಾ?' ಎಂದು ಕೇಳಬೇಡಿ, 'ಈ ವಾದದಲ್ಲಿ ಎಲ್ಲಿ ನಿಮಗೆ ಒಪ್ಪಿಗೆಯಿಲ್ಲ?' ಎಂದು ಕೇಳಿ. ಅವರು ಒಪ್ಪದ ಜಾಗದ ಬಗ್ಗೆ ಅರ್ಧ ಗಂಟೆ ಮಾತಾಡಿದರೂ ಅಧ್ಯಾಯದ ಮೂರು ನಾಲ್ಕು ಭಾಗಗಳು ಯಾವುವು ಎಂದು ನಿಮಗೆ ತಿಳಿದುಬಿಡುತ್ತದೆ. ಬರೆದು ಮುಗಿಸಿದ ಮೇಲೂ ಅಧ್ಯಾಯವನ್ನು ಮುಗಿಯಿತೆಂದು ಕಟ್ಟಿಡಬೇಡಿ. ನಿಮ್ಮ ಫಲಿತಾಂಶ ಬಂದ ಮೇಲೆ ಒಮ್ಮೆ ತಿದ್ದಬೇಕಾಗುತ್ತದೆ, ಸಲ್ಲಿಸುವ ಮೊದಲು ಬರೆದಿಟ್ಟುಕೊಂಡ ಅದೇ ಪದಗಳನ್ನು ಹಾಕಿ ಇನ್ನೊಮ್ಮೆ ಹುಡುಕಬೇಕು, ಏಕೆಂದರೆ ನಿಮ್ಮ ವಿಷಯದಲ್ಲಿ ಹೊಸ ಅಧ್ಯಯನಗಳು ಬರುತ್ತಲೇ ಇವೆ. ಆ ಒಂದು ಪುಟ ಬರೆದ ಮೇಲೆ ನಮಗೂ ಕಳಿಸಿ, ಖಂಡಿತ ಓದುತ್ತೇನೆ.

ಸಂಪಾದಕ